ಟ್ರಿಗರ್ ಹಗುರ ಮಾಡಿಸಬೇಡ, ಪುಟ್ಟೀ

ತರೀಕೆರೆ
ಕಾರ್ತಿಕ ಮಾಸ

ಚಿ|| ಸೌ|| ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಮಳೆ ಹಿಂದಾದ ಮೇಲೆ ನಿನ್ನ ಅಮ್ಮನ ಮಂಡಿನೋವು ಎಷ್ಟೋ ವಾಸಿ. ಅಡಿಕೆ ಕೊನೆ ಇಳಿಸುವುದು ಶುರುವಾಗಿದೆ, ಆಳು ಸಿಗುವುದೇ ಕಷ್ಟ. ನಿಮ್ಮ ಈರುಳ್ಳಿಗೆ ಈ ಸಲ ಏನು ದರ ಸಿಕ್ಕಿತೆಂದು ನೀನು ಬರೆದೇ ಇಲ್ಲ, ಮುಂದಿನ ಕಾಗದದಲ್ಲಿ ಬರೆ.

ಈ ಕಾಗದ ಕೈಗೆ ಬಂದ ಕೂಡಲೇ ಒಂದು ಕೆಲಸ ಮಾಡು, ಉಳಿದದ್ದನ್ನು ಆಮೇಲೆ ಓದು. ರೈಫಲ್ಲಿನ ಮ್ಯಾಗಜಿನ್ ಕಳಚು. ಬೋಲ್ಟ್ ಹಿಂದಕ್ಕೆಳೆದು ಒಳಗೆ ತೋಟಾ ಇಲ್ಲವೆಂದು ಕಣ್ಣಿಂದ ನೋಡು, ಕಿರುಬೆರಳು ಹಾಕಿ ಮುಟ್ಟಿಯೂ ನೋಡು. ಆಮೇಲೆ ಬೋಲ್ಟನ್ನು ಪೂರ್ತಿ ಹೊರತೆಗೆದು, ಬಟ್ಟೆಯಲ್ಲಿ ಸುತ್ತಿ, ಒಡವೆ ಇಡುವ ಬೀರುವಿನಲ್ಲಿಟ್ಟು ಬೀಗ ಹಾಕು. ತೋಟಾಗಳು ಇನ್ನೊಂದು ಕಡೆ, ಇನ್ನೊಂದು ಬೀಗದಲ್ಲಿ. ನಮ್ಮ ಮೊಮ್ಮಗ ಈಗ ಮಂಚದ ಕೆಳಗೆ, ಬಾಗಿಲ ಸಂದಿಗೆ, ಎಲ್ಲೆಂದರಲ್ಲಿ ನುಗ್ಗುವ ವಯಸ್ಸಿನವನು. ರಿಪೇರಿ ಆಗಿ ಬರುವ ತನಕ ಆ ರೈಫಲ್ ಬೋಲ್ಟಿಲ್ಲದೆಯೇ ಇರಬೇಕು.

ನಿನ್ನ ಕಾಗದವನ್ನು ನಿಧಾನವಾಗಿ ಮತ್ತೆ ಓದಿದೆ. ಅದರಲ್ಲಿ ಮೂರು ಸಂಗತಿ ಇವೆ. ನೀನು ಅವನ್ನು ಬೇರೆಬೇರೆ ಕಡೆ ಬರೆದಿದ್ದೀಯ, ನನಗೆ ಮಾತ್ರ ಮೂರೂ ಒಂದೇ ಅನ್ನಿಸಿತು. ಬೇಸಿಗೆಯಲ್ಲಿ ಹಿಡಿಯ ಮರ ಸಡಿಲವಾಗಿ ಕಟಕಟ ಅನ್ನುತ್ತಿತ್ತು, ಕೆಳಗಿನ ಸ್ಕ್ರೂಗಳನ್ನು ಚೆನ್ನಾಗಿ ಬಿಗಿಮಾಡಿದೆ ಎಂದಿದ್ದೀಯ. ದೀಪಾವಳಿಗೆ ಒರೆಸಲು ತೆಗೆದಾಗ ಟ್ರಿಗರಿನ ಮೊದಲ ಸಡಿಲ ಎಳೆತವೇ ಇರಲಿಲ್ಲ, ಬೆರಳು ಸೋಕಿದರೆ ಸಾಕು ಟಕ್ಕೆಂದು ಬೀಳುತ್ತಿತ್ತು ಎಂದಿದ್ದೀಯ. ಕೊನೆಗೆ, ಕಡೂರಿನಲ್ಲಿ ಲೇತ್ ಇಟ್ಟುಕೊಂಡ ಒಬ್ಬರು ಪಂಪ್‌ಸೆಟ್ಟಿನ ಕೆಲಸಕ್ಕೆ ಹೆಸರಾದವರು, ಒಳಗಿನ ತುಂಡನ್ನು ಅರದಲ್ಲಿ ಸ್ವಲ್ಪ ಉಜ್ಜಿ ಸರಿಮಾಡಿಕೊಡುತ್ತೇನೆ ಅನ್ನುತ್ತಾರೆ, ಕೊಡಲೇ ಎಂದು ಕೇಳಿದ್ದೀಯ. ಹೇಗೂ ಕೈ ಹಾಕುತ್ತಾರಲ್ಲ, ತರಬೇತಿ ಶಿಬಿರದಲ್ಲಿ ಹಿಡಿದ .22 ರೈಫಲ್ಲಿನಷ್ಟು ಹಗುರ ಮಾಡಿಸಿಬಿಡುತ್ತೇನೆ, ಸರಿಯಿದ್ದಾಗ ಇದು ನನ್ನ ಬೆರಳಿಗೆ ಭಾರ, ಅಂತಲೂ ಬರೆದಿದ್ದೀಯ.

ಕೊಡಬೇಡ. ಹಗುರವನ್ನೂ ಮಾಡಿಸಬೇಡ. ಯಾಕೆಂದು ಬಿಡಿಸಿ ಬರೆಯುತ್ತೇನೆ. ಲೈಸೆನ್ಸು ಈಗ ನಿನ್ನ ಹೆಸರಿನಲ್ಲಿದೆ. ಅಪ್ಪ ಹೇಳಿದರು ಅಂತ ಕೇಳಿದರೆ ಸಾಲದು, ನಿನಗೇ ಗೊತ್ತಿರಬೇಕು.

ನಿನ್ನ ಅಜ್ಜ ಇದನ್ನು ಬೆಂಗಳೂರಿನಿಂದ ತಂದದ್ದು ಅರವತ್ತರ ದಶಕದ ಕೊನೆಯಲ್ಲಿ. ಬಂಗಾಳದ ಇಶಾಪುರದಲ್ಲಿರುವ ಸರ್ಕಾರಿ ರೈಫಲ್ ಕಾರ್ಖಾನೆಯಲ್ಲಿ ಮಾಡಿದ .315 ಸ್ಪೋರ್ಟಿಂಗ್ ರೈಫಲ್. .303 ಸೈನ್ಯದ ಗುಂಡು, ಅದು ಜನರ ಕೈಗೆ ಹೋಗಬಾರದೆಂದು ಬ್ರಿಟಿಷರ ಕಾಲದಿಂದಲೂ ನಿರ್ಬಂಧ. ಹಾಗಾಗಿ ಸೈನ್ಯದ ಲೀ-ಎನ್‌ಫೀಲ್ಡ್ ಯಂತ್ರವನ್ನೇ ಇಟ್ಟುಕೊಂಡು, ನಳಿಗೆಯನ್ನು 8 ಮಿಲಿಮೀಟರಿನ ಬೇರೊಂದು ತೋಟಾಗೆ ಹೊಂದಿಸಿ ಈ .315 ಮಾಡಿದರು. ನೀನು ಹಿಡಿದು ಎಳೆಯುವ ಬೋಲ್ಟು ಜೇಮ್ಸ್ ಪ್ಯಾರಿಸ್ ಲೀ ಎಂಬಾತ ಹತ್ತೊಂಬತ್ತನೆಯ ಶತಮಾನದಲ್ಲಿ ಯೋಚಿಸಿದ್ದು. ಲೀ-ಎನ್‌ಫೀಲ್ಡ್ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು 1895ರಲ್ಲಿ. ಕೆಸರು, ಮಳೆ, ಧೂಳು, ಗಾಬರಿಯಾದ ಹುಡುಗರ ಕೈ, ಎಲ್ಲವನ್ನೂ ತಡೆಯಬೇಕೆಂದು ಮಾಡಿದ ಯಂತ್ರ ಅದು. ಅದರ ಟ್ರಿಗರನ್ನು ಸುಮ್ಮನೆ ಭಾರ ಮಾಡಿಟ್ಟಿಲ್ಲ.

ಬೋಲ್ಟಿನ ಹಿಂತುದಿಯಲ್ಲಿ ಹೆಬ್ಬೆರಳಿಗೆ ಸಿಗುವ ಉಕ್ಕಿನ ತುಂಡು ಇದೆಯಲ್ಲ, ಅದು ಕಾಕಿಂಗ್ ಪೀಸ್. ತೋಟಾದ ಹಿಂಬದಿಗೆ ಬಡಿಯುವ ಪಿನ್ನು ಅದಕ್ಕೇ ಸೇರಿಕೊಂಡಿದೆ. ಬೋಲ್ಟನ್ನು ಮುಂದಕ್ಕೆ ತಳ್ಳುವಾಗ ಕೊನೆಯ ಒಂದು ಅಂಗುಲದಲ್ಲಿ ಕೈಗೆ ಬಿಗಿ ಗೊತ್ತಾಗುತ್ತದೆ. ಆಗ ಏನಾಗಿರುತ್ತದೆಂದರೆ, ಕೆಳಗಿನಿಂದ ತಲೆಯೆತ್ತಿದ ಸಿಯರ್ ಎಂಬ ಸಣ್ಣ ತುಂಡು ಕಾಕಿಂಗ್ ಪೀಸನ್ನು ತಡೆದು ನಿಲ್ಲಿಸಿರುತ್ತದೆ. ಬೋಲ್ಟು ಮಾತ್ರ ಮುಂದೆ ಹೋಗುತ್ತದೆ, ಒಳಗಿನ ಸ್ಪ್ರಿಂಗು ಅದುಮಿಕೊಳ್ಳುತ್ತದೆ. ಆ ಹೊತ್ತಿನಿಂದ ಸ್ಪ್ರಿಂಗಿನ ಬಲವನ್ನೆಲ್ಲ ಹಿಡಿದಿಟ್ಟಿರುವುದು ಎರಡು ಉಕ್ಕಿನ ಅಂಚುಗಳು ಒಂದಕ್ಕೊಂದು ತಾಗಿ ನಿಂತ ಜಾಗ. ಅದು ಅಕ್ಕಿಕಾಳಿನ ದಪ್ಪವೂ ಇಲ್ಲ.

ಟ್ರಿಗರಿನ ಕೆಲಸ ಆ ಸಿಯರನ್ನು ಕೆಳಗಿಳಿಸುವುದು. ನಮ್ಮ ರೈಫಲ್ಲಿನ ಟ್ರಿಗರಿನ ನೆತ್ತಿಯಲ್ಲಿ ಎರಡು ಉಬ್ಬುಗಳಿವೆ. ಬೆರಳು ಎಳೆಯಲು ತೊಡಗಿದಾಗ ಮೊದಲ ಉಬ್ಬು ಸಿಯರಿಗೆ ಒತ್ತುತ್ತದೆ. ಆಗ ಸನ್ನೆಯ ಬಲ ಹೆಚ್ಚು, ಎಳೆತ ಉದ್ದ ಮತ್ತು ಹಗುರ. ಸಿಯರು ಬಹುಪಾಲು ಇಳಿಯುವುದು ಇಲ್ಲೇ. ಆಮೇಲೆ ಎರಡನೆಯ ಉಬ್ಬು ಬಂದು ತಾಗುತ್ತದೆ. ಬೆರಳಿಗೆ ಒಂದು ತಡೆ ಸಿಗುತ್ತದೆ, ಅಲ್ಲಿಂದ ಮುಂದೆ ಎಳೆತ ಗಿಡ್ಡ ಮತ್ತು ಬಿಗಿ. ಆ ತಡೆಯ ಹತ್ತಿರ ಬಂದು ಉಸಿರು ಹಿಡಿದು ನಿಂತುಕೋ ಎಂದು ಅಜ್ಜ ಹೇಳುತ್ತಿದ್ದರು. ಈಡು ಹೊಡೆಯುವುದೋ ಬಿಡುವುದೋ ಎಂದು ತೀರ್ಮಾನಿಸುವ ಜಾಗ ಅದು. ಬಿಡುವುದಾದರೆ ಬೆರಳು ಸಡಿಲಿಸು, ಸಿಯರು ಮತ್ತೆ ಮೇಲೇರಿ ಪೂರ್ತಿ ಹಿಡಿದುಕೊಳ್ಳುತ್ತದೆ. ಸೈನ್ಯದ ಲೆಕ್ಕದಲ್ಲಿ ಮೊದಲ ಎಳೆತ 3ರಿಂದ 4 ಪೌಂಡು, ಎರಡನೆಯದು 5ರಿಂದ 6 ಪೌಂಡು. ನಮ್ಮ ತೂಕದಲ್ಲಿ ಹೇಳುವುದಾದರೆ ಮೊದಲನೆಯದು ಸುಮಾರು ಒಂದೂವರೆ ಕಿಲೋ, ಎರಡನೆಯದು ಎರಡೂಕಾಲರಿಂದ ಎರಡೂಮುಕ್ಕಾಲು ಕಿಲೋ.

ನಿನಗೆ ಮೊದಲ ಎಳೆತ ಸಿಗುತ್ತಿಲ್ಲ ಅಂದರೆ ಅರ್ಥವೇನು? ಬೆರಳು ಇಡುವ ಮೊದಲೇ ಯಾರೋ ಆ ಎಳೆತವನ್ನು ಎಳೆದಿಟ್ಟ ಹಾಗಾಗಿದೆ. ಸಿಯರು ಈಗಾಗಲೇ ಅರ್ಧ ಇಳಿದು, ಕಾಕಿಂಗ್ ಪೀಸಿನ ತುದಿಯನ್ನು ಮಾತ್ರ ಹಿಡಿದು ನಿಂತಿದೆ. ಅದಕ್ಕೇ ನನಗೆ ನಿನ್ನ ಕಾಗದ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಯಾರು ಎಳೆದಿಟ್ಟರು ಎಂಬುದಕ್ಕೆ ಉತ್ತರವನ್ನು ನೀನೇ ಬರೆದಿದ್ದೀಯ. ಈ ಯಂತ್ರದ ಹಳೆಯ ಮಾದರಿಯಲ್ಲಿ ಟ್ರಿಗರು ಮೇಲಿನ ಉಕ್ಕಿನ ಭಾಗಕ್ಕೆ ತೂಗಿಕೊಂಡಿಲ್ಲ, ಕೆಳಗಿನ ಟ್ರಿಗರ್ ಗಾರ್ಡಿಗೆ ಪಿನ್ನು ಹಾಕಿ ಕೂರಿಸಿದ್ದಾರೆ. ಸಿಯರು ಮೇಲಿನ ಭಾಗದಲ್ಲಿದೆ. ಎರಡರ ನಡುವೆ ಇರುವುದು ಹಿಡಿಯ ಮರ. ಮರದ ದಪ್ಪ ಸ್ವಲ್ಪ ಹೆಚ್ಚುಕಡಿಮೆ ಆದರೂ ಟ್ರಿಗರಿಗೂ ಸಿಯರಿಗೂ ಇರುವ ಅಂತರ ಬದಲಾಗುತ್ತದೆ. ಬ್ರಿಟಿಷರಿಗೇ ಇದು ತಲೆನೋವಾಗಿ, ಮುಂದೆ ನಂಬರ್ 4 ರೈಫಲ್ಲಿನ ಕೊನೆಯ ಮಾದರಿಗಳಲ್ಲಿ ಟ್ರಿಗರನ್ನು ಮೇಲಿನ ಉಕ್ಕಿಗೇ ತೂಗುಹಾಕಿದರು. ನಮ್ಮದು ಹಳೆಯ ಕ್ರಮದ್ದು.

ಈಗ ಯೋಚಿಸು. ಈ ರೈಫಲ್ ಇಷ್ಟು ವರ್ಷ ಇದ್ದದ್ದು ಲಕ್ಕವಳ್ಳಿ ದಾರಿಯ ನಮ್ಮ ತೋಟದ ಮನೆಯಲ್ಲಿ. ಜೂನಿನಲ್ಲಿ ಹಿಡಿದ ಥಂಡಿ ದಸರಾ ಕಳೆದರೂ ಗೋಡೆ ಬಿಟ್ಟು ಹೋಗುತ್ತಿರಲಿಲ್ಲ. ಮಳೆಗಾಲದಲ್ಲಿ ದೇವರಕೋಣೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡು, ನೀನು ಭುಜ ಕೊಟ್ಟು ನೂಕುತ್ತಿದ್ದೆಯಲ್ಲ, ರೈಫಲ್ಲಿನ ಮರವೂ ಹಾಗೇ ಉಬ್ಬಿ ಅಲ್ಲಿನ ಹವೆಗೆ ಹೊಂದಿಕೊಂಡಿತ್ತು. ಯುಗಾದಿ ಮುಗಿದ ಮೇಲೆ ನೀನು ಅದನ್ನು ಅಜ್ಜಂಪುರಕ್ಕೆ ಒಯ್ದೆ. ತರೀಕೆರೆಯಿಂದ ಅಜ್ಜಂಪುರ ಎಷ್ಟು ದೂರ ಮಹಾ, ಆದರೆ ಇಲ್ಲಿಯದು ಅರೆಮಲೆನಾಡು, ಅಲ್ಲಿಯದು ಬಯಲುಸೀಮೆ. ಅಮೃತಮಹಲ್ ದನಗಳು ಒಣಹುಲ್ಲು ಮೇಯುತ್ತ ಬೆಳೆದ ನೆಲ ಅದು. ಏಪ್ರಿಲ್, ಮೇ ತಿಂಗಳ ಒಣಗಾಳಿಗೆ ಮರ ನೀರು ಬಿಟ್ಟು ಕುಗ್ಗಿತು. ಕುಗ್ಗಿದ್ದಕ್ಕೆ ಹಿಡಿ ಕಟಕಟ ಅಂದಿತು. ನೀನು ಸ್ಕ್ರೂ ಬಿಗಿಮಾಡಿದೆ. ಗಾರ್ಡು ಮೇಲೇರಿತು, ಅದರ ಜೊತೆಗೆ ಟ್ರಿಗರೂ ಏರಿ ಸಿಯರಿಗೆ ಒತ್ತಿಕೊಂಡಿತು. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ. ಅಲುಗುವ ಸ್ಕ್ರೂವನ್ನು ಯಾರಾದರೂ ಬಿಗಿಮಾಡುತ್ತಾರೆ.

ಹೀಗಾಗಬಾರದೆಂದು ಮಾಡಿದವರೇ ಒಂದು ಉಪಾಯ ಇಟ್ಟಿದ್ದಾರೆ. ಗಾರ್ಡಿನ ಮುಂದಿನ ಸ್ಕ್ರೂ ಹಾದುಹೋಗುವ ತೂತಿನೊಳಗೆ ಒಂದು ಸಣ್ಣ ಉಕ್ಕಿನ ಬುಷ್ ಇರಬೇಕು. ಮರ ಎಷ್ಟೇ ಕುಗ್ಗಿದರೂ, ಸ್ಕ್ರೂ ಎಷ್ಟೇ ತಿರುಗಿಸಿದರೂ ಆ ಬುಷ್ ಗಾರ್ಡನ್ನು ಒಂದು ಅಳತೆಗಿಂತ ಮೇಲೇರಲು ಬಿಡುವುದಿಲ್ಲ. ನಿನ್ನದರಲ್ಲಿ ಏರಿದೆ ಅಂದರೆ ಆ ಬುಷ್ ಇಲ್ಲ, ಅಥವಾ ಯಾರೋ ಅದನ್ನು ಉಜ್ಜಿ ಗಿಡ್ಡ ಮಾಡಿದ್ದಾರೆ. ಹಿಡಿ ಬಿಚ್ಚಿ ಪಾಲಿಷ್ ಮಾಡುವವರ ಕೈಯಿಂದ ಇಂಥ ಸಣ್ಣ ತುಂಡು ನೆಲಕ್ಕೆ ಬಿದ್ದು ಗುಡಿಸಿಹೋಗುವುದು ಹೊಸದಲ್ಲ. ನನ್ನ ಅಂದಾಜು ಸರಿಯಿದ್ದರೆ ನಿನ್ನ ಟ್ರಿಗರಿನ ರೋಗ ಟ್ರಿಗರಿನಲ್ಲಿಲ್ಲ, ಸಿಯರಿನಲ್ಲೂ ಇಲ್ಲ. ಅರ ಹಾಕಿ ಉಜ್ಜಿದರೆ ಚೆನ್ನಾಗಿರುವ ಉಕ್ಕು ಹಾಳಾಗುತ್ತದೆ, ರೋಗ ಇದ್ದಲ್ಲೇ ಇರುತ್ತದೆ.

ಇನ್ನೊಂದು ಗುರುತು ಹೇಳುತ್ತೇನೆ. ಸಿಯರನ್ನು ಮೇಲಕ್ಕೆ ತಳ್ಳಿ ಹಿಡಿಯುವುದು ಬಾಗಿಸಿದ ಪಟ್ಟಿಯಂಥ ಒಂದು ಸ್ಪ್ರಿಂಗು. ಮ್ಯಾಗಜಿನ್ನಿನ ಕೊಂಡಿಯನ್ನು ಹಿಡಿಯುವುದೂ ಅದೇ ಸ್ಪ್ರಿಂಗು. ಮ್ಯಾಗಜಿನ್ ಹಾಕಿದಾಗ ಮೊದಲಿನಂತೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆಯೇ, ಇಲ್ಲ ಸಡಿಲವಾಗಿ ತೂಗಾಡುತ್ತದೆಯೇ ಎಂಬುದನ್ನು ನೆನಪಿಟ್ಟುಕೊಂಡು ರಿಪೇರಿಯವರಿಗೆ ಹೇಳು. ತೂಗಾಡಿದರೆ ಸ್ಪ್ರಿಂಗೂ ಸೋತಿದೆ, ಅದನ್ನೂ ಬದಲಿಸಬೇಕು.

ಎಣ್ಣೆಯ ವಿಷಯ. ನಮ್ಮ ಕಡೆ ಕೋವಿಗೆ ಕೊಬ್ಬರಿ ಎಣ್ಣೆ ಹಚ್ಚುವವರು ಬಹಳ ಮಂದಿ. ಕಡೂರು ತೆಂಗಿನ ಸೀಮೆ, ಮನೆಯಲ್ಲಿ ಇರುವುದೇ ಅದು, ಹಚ್ಚುತ್ತಾರೆ. ಹೊರಗಿನ ಮರಕ್ಕೆ ಅದರಿಂದ ಏನೂ ಆಗದು. ಒಳಗಿನ ಯಂತ್ರಕ್ಕೆ ಮಾತ್ರ ಬೇಡ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಮಾರ್ಗಶಿರದ ಬೆಳಗಿನ ಚಳಿಗೆ ಬಾಟಲಿಯಲ್ಲಿ ಬೆಳ್ಳಗೆ ಕೂತಿರುವುದನ್ನು ದಿನಾ ನೋಡುತ್ತೀಯ. ಸಿಯರಿನ ಕೀಲಿನಲ್ಲೂ ಅದು ಹಾಗೇ ಕೂರುತ್ತದೆ, ಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಮೇಲೇರಬೇಕಾದ ಸಿಯರು ಅರ್ಧಕ್ಕೇ ನಿಲ್ಲುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದು ಹನಿ, ಬಟ್ಟೆಗೆ ಹಾಕಿಕೊಂಡು ಒರೆಸುವಷ್ಟು, ಅಷ್ಟೇ ಸಾಕು. ಹಳೆಯ ರೈಫಲ್ಲಿನ ಟ್ರಿಗರು ಕೆಟ್ಟಿದೆ ಅಂದವರ ಪೈಕಿ ಎಷ್ಟೋ ಜನರದ್ದು ಬರೀ ಕೊಳೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದರೆ ಸರಿಹೋಗುತ್ತದೆ. ಚುನಾವಣೆ ಬಂದಾಗಲೆಲ್ಲ ಲೈಸೆನ್ಸುದಾರರು ಕೋವಿ ಠೇವಣಿ ಇಡಬೇಕಾಗುತ್ತದಲ್ಲ, ಇಡುವ ಮುನ್ನ ತೆಳ್ಳಗೆ ಎಣ್ಣೆ ಒರೆಸಿ ಕೊಡು, ತಂದ ದಿನವೇ ಮತ್ತೆ ಒಣಬಟ್ಟೆಯಲ್ಲಿ ಒರೆಸು. ತಿಂಗಳುಗಟ್ಟಲೆ ಒಂದೇ ಕಡೆ ನಿಂತ ಕೋವಿಗೆ ತುಕ್ಕು ಬೇಗ ಹಿಡಿಯುತ್ತದೆ.

ಲೇತಿನವರ ಕೈಚಳಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಬೋರ್‌ವೆಲ್ಲಿನ ಶಾಫ್ಟನ್ನು ನೂಲಿನಷ್ಟು ವ್ಯತ್ಯಾಸವಿಲ್ಲದೆ ತಿರುಗಿಸಿಕೊಡುವವರು ಅವರು. ಆದರೆ ಸಿಯರಿನ ಅಂಚು ಬೇರೆ ಜಾತಿಯ ಕೆಲಸ. ಆ ಉಕ್ಕಿನ ಮೇಲ್ಮೈಯನ್ನು ಮಾತ್ರ ಕಾಯಿಸಿ ಗಟ್ಟಿ ಮಾಡಿರುತ್ತಾರೆ. ಗಟ್ಟಿ ಪದರ ತೀರ ತೆಳ್ಳಗೆ, ಅದರ ಕೆಳಗಿರುವುದು ಮೆತ್ತನೆಯ ಉಕ್ಕು. ಅರ ನಾಲ್ಕು ಸಲ ಆಡಿದರೆ ಪದರ ಹೋಯಿತು. ಆ ದಿನ ಟ್ರಿಗರು ನುಣ್ಣಗೆ, ಸೊಗಸಾಗಿ ಬರುತ್ತದೆ. ನೀನು ಸಂತೋಷದಿಂದ ದುಡ್ಡು ಕೊಟ್ಟು ಬರುತ್ತೀಯ. ಕೆಲವು ತಿಂಗಳಲ್ಲಿ ಮೆತ್ತನೆಯ ಉಕ್ಕು ಸವೆದು ಅಂಚು ದುಂಡಗಾಗುತ್ತದೆ. ಇನ್ನೊಂದು ಅಪಾಯ ಕೋನದ್ದು. ಸಿಯರೂ ಕಾಕಿಂಗ್ ಪೀಸೂ ತಾಗುವ ಮುಖಗಳನ್ನು, ಸ್ಪ್ರಿಂಗು ಒತ್ತಿದಷ್ಟೂ ಅವು ಒಂದನ್ನೊಂದು ಬಿಡದಂಥ ಕೋನಕ್ಕೆ ಕಡೆದಿರುತ್ತಾರೆ. ಆ ಕೋನ ಅರದ ಕೈಯಲ್ಲಿ ಕಣ್ಣಿಗೆ ಕಾಣದಷ್ಟು ವಾಲಿದರೂ ಸಾಕು, ಸ್ಪ್ರಿಂಗೇ ಸಿಯರನ್ನು ಕೆಳಗೆ ನೂಕಲು ತೊಡಗುತ್ತದೆ. ಆಮೇಲೆ ಬೆರಳೇ ಬೇಕಿಲ್ಲ. ಅರದಿಂದ ತೆಗೆದ ಉಕ್ಕನ್ನು ಯಾರೂ ಮತ್ತೆ ಹಾಕಲಾರರು.

ಲಿಂಗದಹಳ್ಳಿ ಕಡೆ ನಮ್ಮ ಬಳಗದವರೊಬ್ಬರ ಮನೆಯಲ್ಲಿ ಇದೇ ಆಯಿತು. ನೀನಿನ್ನೂ ಹುಟ್ಟಿರಲಿಲ್ಲ. ಅವರೂ ಒಬ್ಬ ಜಾಣ ಕೆಲಸಗಾರನ ಕೈಲಿ ಸಿಯರು ಉಜ್ಜಿಸಿ ಹಗುರ ಮಾಡಿಸಿದ್ದರು, ಬಂದವರಿಗೆಲ್ಲ ಎಳೆದು ತೋರಿಸುತ್ತಿದ್ದರು. ಒಂದು ದಿನ ಜಗಲಿಯ ಮೇಲೆ ತೋಟಾ ಹಾಕಿ ಬೋಲ್ಟು ಮುಚ್ಚಿದರು. ಬೆರಳು ಟ್ರಿಗರಿನ ಹತ್ತಿರವೂ ಇರಲಿಲ್ಲ. ಬೋಲ್ಟು ಕೂತ ಏಟಿಗೆ ಈಡು ಹಾರಿ, ತೊಲೆಯ ಪಕ್ಕದ ಹೆಂಚು ಒಡೆದು ಹೊರಗೆ ಹೋಯಿತು. ತೊಲೆಯ ಕೆಳಗೆ ಕೂತು ಅಡಿಕೆ ಸುಲಿಯುತ್ತಿದ್ದ ಹೆಂಗಸರು ಐದಾರು ಮಂದಿ. ಯಾರಿಗೂ ಏನೂ ಆಗಲಿಲ್ಲ. ನಳಿಗೆ ಮೇಲಕ್ಕಿತ್ತು ಎಂಬ ಒಂದೇ ಕಾರಣಕ್ಕೆ ಅವರು ಉಳಿದರು. ನಾನು ಆ ಜಗಲಿಯ ಮೇಲೆ ನಿಂತು ಒಡೆದ ಹೆಂಚಿನ ತೂತಿನಲ್ಲಿ ಆಕಾಶ ನೋಡಿದ್ದೇನೆ. ಮಲೆನಾಡಿನ ಕಡೆ ಕೋವಿ ತಾನಾಗಿ ಸಿಡಿದು ಸತ್ತ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ನನಗೆ ಆ ಹೆಂಗಸರು ನೆನಪಾಗುತ್ತಾರೆ.

ಕಾನೂನು ಚಿಕ್ಕದಾಗಿ ಹೇಳುತ್ತೇನೆ. 1959ರ ಆಯುಧ ಕಾಯಿದೆಯ ಪ್ರಕಾರ ಕೋವಿ ಮಾರುವುದಕ್ಕೆ ಹೇಗೆ ಲೈಸೆನ್ಸು ಬೇಕೋ, ರಿಪೇರಿ ಮಾಡುವುದಕ್ಕೂ ಹಾಗೇ ಬೇಕು. ಲೇತಿನವರ ಹತ್ತಿರ ಅದಿಲ್ಲ. ನೀನು ರೈಫಲ್ಲನ್ನು ಅವರ ಅಂಗಡಿಯಲ್ಲಿ ಒಂದು ರಾತ್ರಿ ಬಿಟ್ಟು ಬಂದರೂ ಅವರಿಗೂ ಕಷ್ಟ, ನಿನಗೂ ಕಷ್ಟ. 2016ರ ಆಯುಧ ನಿಯಮಗಳಲ್ಲಿ ಲೈಸೆನ್ಸುದಾರನಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ ಅವನ ಬಳಿ 25 ವರ್ಷ ಇದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸು ಕೊಡಲು ಅವಕಾಶ ಮಾಡಿದ್ದಾರೆ. ಹಾಗಾಗಿಯೇ ನಾನು ಬದುಕಿರುವಾಗಲೇ ಅದು ನಿನಗೆ ಬಂತು. ನೀನು ಚಿಕ್ಕಮಗಳೂರಿಗೆ ಓಡಾಡಿ, ಪೊಲೀಸರ ನಾಗರಿಕ ಬಂದೂಕು ತರಬೇತಿ ಮುಗಿಸಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಕಾದು ಪಡೆದದ್ದು. ಹೆಣ್ಣುಮಗಳಿಗೆ ಕೋವಿ ಯಾಕೆ ಎಂದವರಿಗೆ ನಾನು ಏನು ಹೇಳಿದೆನೆಂದು ನಿನಗೆ ಗೊತ್ತು. ಅವಳಷ್ಟು ಎಚ್ಚರದವರು ನಮ್ಮ ಮನೆಯಲ್ಲಿ ಇನ್ನೊಬ್ಬರಿಲ್ಲ ಎಂದೆ. ಈಗಲೂ ಅದನ್ನೇ ಹೇಳುತ್ತೇನೆ.

ಬೇಟೆಯೇ ಇಲ್ಲದ ಮೇಲೆ ಇದನ್ನೆಲ್ಲ ಯಾಕೆ ರಿಪೇರಿ ಮಾಡಿಸಬೇಕು ಎಂದು ಅಳಿಯಂದಿರು ಕೇಳಿದರಂತೆ. ಕೇಳಬೇಕಾದ ಪ್ರಶ್ನೆಯೇ.

ಅಜ್ಜನ ಕಾಲದಲ್ಲಿ ನಮ್ಮದು ಬೇಟೆಯ ಸೀಮೆ. 1947ರ ತನಕ ನಮ್ಮ ಜಿಲ್ಲೆಗೇ ಕಡೂರು ಜಿಲ್ಲೆ ಎಂದು ಹೆಸರು, ಆ ಹೆಸರು ಶಿಕಾರಿಯವರ ಬಾಯಲ್ಲೆಲ್ಲ ಇತ್ತು. ಕೆನೆತ್ ಆಂಡರ್ಸನ್ 1954ರ ತನ್ನ ಮೊದಲ ಪುಸ್ತಕದಲ್ಲಿ ಬರೆದ ನರಭಕ್ಷಕಗಳಲ್ಲಿ ಒಂದು ನಮ್ಮ ಎಮ್ಮೆದೊಡ್ಡಿಯದು. ತೇಜಸ್ವಿಯವರು ಮೂಡಿಗೆರೆಯಲ್ಲಿ ಕೂತು ಆಂಡರ್ಸನ್ನನ ಕಥೆಗಳನ್ನು ‘ಕಾಡಿನ ಕಥೆಗಳು’ ಎಂದು ಕನ್ನಡಕ್ಕೆ ತಂದಾಗ ನೀನು ಅವನ್ನು ಹೊದಿಕೆಯೊಳಗೆ ಟಾರ್ಚು ಹಿಡಿದು ಓದುತ್ತಿದ್ದೆ. ಆಂಡರ್ಸನ್ನನ ಕೈಲಿದ್ದದ್ದು .405 ವಿಂಚೆಸ್ಟರ್, ಅದು ಬೋಲ್ಟಿನದ್ದಲ್ಲ, ಟ್ರಿಗರಿನ ಕೆಳಗಿರುವ ಸನ್ನೆಯನ್ನು ಮುಂದಕ್ಕೆ ಒತ್ತಿ ಎಳೆಯುವಂಥದ್ದು. ಬೋಲ್ಟಿನ ರೈಫಲ್ ಹಿಡಿದವನು ಜಿಮ್ ಕಾರ್ಬೆಟ್. ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದ ಮೇಲೆ ಅವನಿಗೆ ಕಾಣಿಕೆಯಾಗಿ ಬಂದದ್ದು .275 ರಿಗ್ಬಿ.

ಆ ಕಾಲ ಮುಗಿಯಿತು. ಮುಗಿದದ್ದು ಒಳ್ಳೆಯದೇ ಆಯಿತೆಂದು ನಾನು ಮನಸಾರೆ ನಂಬಿದ್ದೇನೆ. ಜಾಗರ ಕಣಿವೆಯನ್ನು ಅಭಯಾರಣ್ಯ ಮಾಡಿದ್ದು 1951ರಲ್ಲಿ, ಅದನ್ನು ಹಿಗ್ಗಿಸಿ ಭದ್ರಾ ಎಂದು ಕರೆದದ್ದು 1974ರಲ್ಲಿ, ಹುಲಿ ಯೋಜನೆಗೆ ಸೇರಿಸಿದ್ದು 1998ರಲ್ಲಿ. ನಡುವೆ 1972ರ ವನ್ಯಜೀವಿ ಕಾಯಿದೆ ಬಂದಾಗ ಅಜ್ಜ ಇದನ್ನು ಒರೆಸಿ ಬೀರುವಿನಲ್ಲಿಟ್ಟರು. ಆಮೇಲೆ ಅವರು ಯಾವ ಪ್ರಾಣಿಯ ಮೇಲೂ ಅದನ್ನು ಎತ್ತಲಿಲ್ಲ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಚಿಗರೆ ಹಿಂಡು ಓಡುವುದನ್ನು ನಿನಗೆ ತೋರಿಸಲು ಕರೆದುಕೊಂಡು ಹೋಗಿದ್ದೆನಲ್ಲ, ಆ ಕಾವಲನ್ನೂ 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿದರು. ಅಜ್ಜನಿದ್ದಿದ್ದರೆ ಬಹಳ ಸಂತೋಷಪಡುತ್ತಿದ್ದರು. ನಿನ್ನ ಈರುಳ್ಳಿ ಹೊಲಕ್ಕೆ ಹಂದಿ ನುಗ್ಗಿದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅದರ ಮೇಲೆ ಈಡು ಹೊಡೆಯುವಂತಿಲ್ಲ, ಹೊಡೆಯಲೂ ಕೂಡದು. ಬೇಲಿ ಗಟ್ಟಿಮಾಡು, ರಾತ್ರಿ ಕಾವಲು ಹಾಕು.

ಆದರೆ ಬೇಟೆ ನಿಂತಿತೆಂದು ಸ್ಪ್ರಿಂಗಿನ ಬಲ ನಿಲ್ಲಲಿಲ್ಲ. ಕಾಡಿನಲ್ಲಿದ್ದಾಗ ಈ ರೈಫಲ್ಲಿನ ಎದುರು ಇದ್ದದ್ದು ಕಾಡುಮೃಗ, ಈಗ ಇದು ಇರುವ ಮನೆಯಲ್ಲಿ ಇರುವವರು ನೀನು, ಅಳಿಯಂದಿರು, ಮಗು, ಕೆಲಸದವರು. ಹಾಗಾಗಿ ಟ್ರಿಗರು ಆಗಿಗಿಂತ ಈಗ ಹೆಚ್ಚು ಸರಿಯಿರಬೇಕು. .22 ರೈಫಲ್ಲಿನ ಹಗುರ ಟ್ರಿಗರು ಶಿಬಿರದಲ್ಲಿ ಸರಿ. ಅಲ್ಲಿ ನೆಲದ ಮೇಲೆ ಮಲಗಿ, ಗುರಿಹಲಗೆಗೆ ಮುಖಮಾಡಿ, ಪಕ್ಕದಲ್ಲಿ ಕಲಿಸುವವರು ನಿಂತಿರುವಾಗ ಹೊಡೆಯುತ್ತೀಯ. ಇದು ದೊಡ್ಡ ಗುಂಡಿನ ರೈಫಲ್. ಕತ್ತಲಲ್ಲಿ, ಗಾಬರಿಯಲ್ಲಿ, ಚಳಿಗೆ ಮರಗಟ್ಟಿದ ಬೆರಳಲ್ಲಿ ಹಿಡಿಯುವ ಸಂದರ್ಭ ಬಂದರೆ ಆ ಎರಡನೆಯ ಎಳೆತದ ಐದು ಪೌಂಡೇ ನಿನ್ನನ್ನು ಕಾಯುವುದು. ಭಾರ ಅನ್ನಿಸಿದರೆ ಬೆರಳನ್ನು ಪಳಗಿಸು, ಟ್ರಿಗರನ್ನು ಮುಟ್ಟಬೇಡ.

ಇನ್ನು ನೀನು ಮಾಡಬೇಕಾದದ್ದು. ಬೆಂಗಳೂರಿನಲ್ಲಿ ರಿಪೇರಿಯ ಲೈಸೆನ್ಸಿರುವ ಅಂಗಡಿಗಳಿವೆ. ಹೋಗುವ ಮೊದಲು ಫೋನು ಮಾಡಿ ರಿಪೇರಿಗೆ ಪರವಾನಗಿ ಇದೆಯೇ, .315ರ ಬಿಡಿಭಾಗ ತರಿಸುತ್ತಾರೆಯೇ ಎಂದು ಕೇಳು. ಇಶಾಪುರದ ಕಾರ್ಖಾನೆ 2021ರ ಅಕ್ಟೋಬರಿನಿಂದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯ ಕೈಕೆಳಗಿದೆ, ಅಂಗಡಿಯವರಿಗೆ ಅದು ಗೊತ್ತಿರುತ್ತದೆ. ನಿನ್ನ ಲೈಸೆನ್ಸಿನ ವ್ಯಾಪ್ತಿ ಇಡೀ ಕರ್ನಾಟಕ ಎಂದಿದೆ, ಆದರೂ ಪುಸ್ತಕ ಜೊತೆಗಿರಲಿ. ರೈಲಿನಲ್ಲಿ ಬೇಡ, ಕಾರಿನಲ್ಲೇ ಒಯ್ಯಿ, ಬೋಲ್ಟನ್ನು ಬೇರೆ ಚೀಲದಲ್ಲಿ. ಬೋಲ್ಟಿನ ಮೇಲಿರುವ ನಂಬರೂ ರೈಫಲ್ಲಿನ ಮೇಲಿರುವ ನಂಬರೂ ಒಂದೇ ಎಂದು ಕೊಡುವಾಗಲೂ ತರುವಾಗಲೂ ನೋಡಿಕೋ. ಇನ್ನೊಂದು ರೈಫಲ್ಲಿನ ಬೋಲ್ಟು ಇದರಲ್ಲಿ ಕೂತೀತು, ಕೂತಿತೆಂದ ಮಾತ್ರಕ್ಕೆ ಅದು ಕ್ಷೇಮವಲ್ಲ. ಕೊಟ್ಟಿದ್ದಕ್ಕೆ ರಸೀದಿ ಪಡೆ.

ಅವರಿಗೆ ‘ಟ್ರಿಗರು ಸರಿಮಾಡಿ’ ಎಂದು ಹೇಳಬೇಡ. ಹಾಗಂದರೆ ಯಾರಾದರೂ ಟ್ರಿಗರಿಗೇ ಕೈ ಹಾಕುತ್ತಾರೆ. ಮರ ಕುಗ್ಗಿದೆ, ಗಾರ್ಡು ಮೇಲೇರಿದೆ, ಮುಂದಿನ ಸ್ಕ್ರೂವಿನ ಬುಷ್ ಇದೆಯೇ ನೋಡಿ, ಇಲ್ಲದಿದ್ದರೆ ಅಳತೆಗೆ ಸರಿಯಾಗಿ ಹಾಕಿ, ಒಳಗನ್ನು ತೊಳೆಯಿರಿ, ಸಿಯರಿನ ಅಂಚು ಸವೆದಿದ್ದರೆ ಉಜ್ಜಬೇಡಿ, ಹೊಸದು ಹಾಕಿ, ಎಂದು ಬಿಡಿಸಿ ಹೇಳು. ಈ ಕಾಗದವನ್ನೇ ತೋರಿಸಿದರೂ ಆದೀತು. ನಿಜವಾಗಿ ಕೆಲಸ ಬಲ್ಲವರಾದರೆ ಸಿಟ್ಟಾಗುವುದಿಲ್ಲ.

ಕೆಲಸ ಮುಗಿದ ಮೇಲೆ ಖಾಲಿ ರೈಫಲ್ಲಿನಲ್ಲಿ ಮೂರು ಪರೀಕ್ಷೆಯನ್ನು ನಿನ್ನೆದುರಿಗೇ ಮಾಡಿಸು. ಬೋಲ್ಟನ್ನು ಜೋರಾಗಿ ತಳ್ಳಿ ಮುಚ್ಚಿದಾಗ ಕಾಕಿಂಗ್ ಪೀಸು ಜಾರಬಾರದು. ಹಿಡಿಯ ಹಿಂಬದಿಯನ್ನು ರಬ್ಬರು ಹಾಸಿದ ನೆಲಕ್ಕೆ ತಟ್ಟಿದಾಗಲೂ ಜಾರಬಾರದು. ಎಡಗಡೆಯ ಸೇಫ್ಟಿ ಹಾಕಿ ಟ್ರಿಗರು ಎಳೆದು ಬಿಟ್ಟು, ಆಮೇಲೆ ಸೇಫ್ಟಿ ತೆಗೆದಾಗ ತಾನಾಗಿ ಬೀಳಬಾರದು. ಕೊನೆಗೆ ಎಳೆತವನ್ನು ತೂಕ ಕಟ್ಟಿ ಅಳೆಯಲಿ. ಅವರು ಬಾಯಲ್ಲಿ ಹೇಳಿದ ಅಂಕಿ ಬೇಡ, ನೀನೇ ಕಣ್ಣಾರೆ ನೋಡಿದ್ದನ್ನು ಬರೆದುಕೋ.

ಇಷ್ಟೆಲ್ಲ ಯಾರಿಗೆ ಬೇಕು ಎಂದು ನಿನಗೂ ಅಳಿಯಂದಿರಿಗೂ ಅನ್ನಿಸಿದರೆ, ಸಂಕೋಚವಿಲ್ಲದೆ ಹೇಳು. ಲೈಸೆನ್ಸುಳ್ಳ ಅಂಗಡಿಗೆ ಮಾರಬಹುದು, ಠಾಣೆಗೆ ಒಪ್ಪಿಸಲೂಬಹುದು. ಅಜ್ಜನ ವಸ್ತು ಎಂಬ ಕಾರಣಕ್ಕೆ ನೀನು ಅದನ್ನು ಹೊರಬೇಕಿಲ್ಲ, ನನಗೆ ಒಂದು ಚೂರೂ ಬೇಸರವಾಗುವುದಿಲ್ಲ. ಇಟ್ಟುಕೊಳ್ಳುವುದಾದರೆ ಮಾತ್ರ ಸರಿಯಾಗಿ ಇಟ್ಟುಕೋ.

ಅಮ್ಮ ಹಪ್ಪಳ ಕಳಿಸುತ್ತಿದ್ದಾಳೆ. ಮಗುವಿಗೆ ಮುತ್ತು, ಅಳಿಯಂದಿರಿಗೆ ಆಶೀರ್ವಾದ. ಬೆಂಗಳೂರಿನಿಂದ ಬಂದ ದಿನವೇ ಎರಡು ಎಳೆತದ ತೂಕವನ್ನೂ ನನಗೆ ಬರೆ. ಮೊದಲನೆಯದು 3 ಪೌಂಡಿಗಿಂತ ಕಡಿಮೆ, ಅಥವಾ ಎರಡನೆಯದು 5ಕ್ಕಿಂತ ಕಡಿಮೆ ಬಂದರೆ ರೈಫಲ್ಲನ್ನು ಮನೆಗೆ ತರಬೇಡ, ಅಂಗಡಿಯಲ್ಲೇ ಬಿಟ್ಟು ಬಾ.

ಇಂತಿ,
ನಿನ್ನ ಅಪ್ಪ